ಹಿಮದ ನಾಡಿನಲ್ಲಿ ಡ್ರೈವ್‌ವೇ ಸೀಲಿಂಗ್: ಮೊದಲು ಬಿರುಕು, ಆಮೇಲೆ ಕಪ್ಪು ಲೇಪನ

ಮಿನ್ನೆಸೋಟ, ಮಿಶಿಗನ್, ಟೊರಾಂಟೊ ಕಡೆ ಹೊಸದಾಗಿ ಮನೆ ಕೊಂಡ ಕನ್ನಡಿಗರಿಗೆ ಮೊದಲ ಕೆಲವು ವರ್ಷ ಡ್ರೈವ್‌ವೇ ಕಣ್ಣಿಗೆ ಬೀಳುವುದೇ ಇಲ್ಲ. ಚಾವಣಿ, ಮನೆ ಬಿಸಿಮಾಡುವ ಫರ್ನೇಸ್, ಬೇಸ್‌ಮೆಂಟಿನ ತೇವ, ಚಿಂತೆಯೆಲ್ಲ ಅಲ್ಲೇ ಮುಗಿದುಹೋಗುತ್ತದೆ. ಗ್ಯಾರೇಜಿನಿಂದ ರಸ್ತೆಯವರೆಗಿನ ಡಾಂಬರು ಮೆಲ್ಲಗೆ ಬೂದಿಬಣ್ಣಕ್ಕೆ ತಿರುಗಿ, ಕೂದಲೆಳೆಯಂಥ ಗೆರೆಗಳು ಮೂಡಿ, ಯಾವುದೋ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಬೆರಳು ತೂರುವಷ್ಟು ಬಾಯಿ ಬಿಟ್ಟಾಗ ಎಚ್ಚರವಾಗುತ್ತದೆ. ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಅಂಗಡಿಯಿಂದ ನಾಲ್ಕು ಬಕೆಟ್ ಸೀಲರ್, ಅಂದರೆ ಡಾಂಬರಿನ ಮೇಲೆ ಬಳಿಯುವ ಕಪ್ಪು ಲೇಪನ, ತಂದು ಒಂದು ಶನಿವಾರ ಬಳಿದುಬಿಡುವುದು. ಡ್ರೈವ್‌ವೇ ಮಿರಮಿರ ಮಿಂಚುತ್ತದೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅವೇ ಬಿರುಕುಗಳು ಅದೇ ಜಾಗದಲ್ಲಿ ಮತ್ತೆ ಕಾಣುತ್ತವೆ.

ಇದು ಸೀಲರ್‌ನ ತಪ್ಪಲ್ಲ. ಒಣಗಿದ ಮೇಲೆ ಅದರ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಊರಿನಲ್ಲಿ ಅಂಗಳಕ್ಕೆ ಸಗಣಿ ಸಾರಿಸುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸಾರಿಸಿದ ಪದರ ಮೇಲ್ಮೈಯನ್ನು ಕಟ್ಟಿಹಿಡಿಯುತ್ತದೆ, ಧೂಳೇಳದಂತೆ ನೋಡಿಕೊಳ್ಳುತ್ತದೆ, ಆದರೆ ಕುಸಿದ ನೆಲವನ್ನು ಎತ್ತಿ ನಿಲ್ಲಿಸುವುದಿಲ್ಲ. ಸೀಲರ್ ಕೂಡ ಹಾಗೆಯೇ. ಅದರಿಂದ ಡ್ರೈವ್‌ವೇಗೆ ಬಲ ಬರುವುದಿಲ್ಲ. ಅದು ಬಿಸಿಲನ್ನೂ ನೀರನ್ನೂ ಮೇಲೆಯೇ ತಡೆಯುತ್ತದೆ, ಅದೂ ಬಿರುಕುಗಳನ್ನು ಮೊದಲೇ ಮುಚ್ಚಿದ್ದರೆ ಮಾತ್ರ.

ನೀರು ಒಳಗೆ ಹೋದರೆ

ಡಾಂಬರಿನ ಡ್ರೈವ್‌ವೇ ಎಂದರೆ ತೂಕದಲ್ಲಿ ಸುಮಾರು 95 ಪಾಲು ಜಲ್ಲಿ ಮತ್ತು ಮರಳು, ಉಳಿದ ಐದಾರು ಪಾಲು ಅವನ್ನು ಅಂಟಿಸುವ ಬಿಟುಮೆನ್. ಮನೆಯ ಡ್ರೈವ್‌ವೇಯಲ್ಲಿ ಈ ಪದರ 2ರಿಂದ 3 ಇಂಚು ಇರುತ್ತದೆ. ಅದರ ಕೆಳಗೆ 6ರಿಂದ 8 ಇಂಚು ದಮ್ಮಸು ಹಾಕಿದ ಜಲ್ಲಿಯ ತಳ. ಕಾರಿನ ಭಾರ ಹೊರುವುದು ಹೆಚ್ಚಾಗಿ ಈ ತಳವೇ.

ಬಿಸಿಲು ಮತ್ತು ಗಾಳಿಯ ಆಮ್ಲಜನಕ ಸೇರಿ ಬಿಟುಮೆನ್ನನ್ನು ಗಡುಸಾಗಿಸುತ್ತವೆ. ಕಪ್ಪು ಹೋಗಿ ಬೂದಿಬಣ್ಣ ಬರುವುದು ಅದರ ಗುರುತು. ಜುಲೈನ ಮಧ್ಯಾಹ್ನ 50 ಡಿಗ್ರಿ ಸೆಲ್ಸಿಯಸ್ ದಾಟುವ ಅದೇ ಮೇಲ್ಮೈ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಅಷ್ಟು ಚಳಿಗೆ ಡಾಂಬರು ಕುಗ್ಗುತ್ತದೆ. ಎಳೆತ ತಾಳುವ ಮೆದುತನ ಉಳಿದಿಲ್ಲದಿದ್ದರೆ ಅಡ್ಡಡ್ಡಲಾಗಿ ಬಿರುಕು ಬಿಡುತ್ತದೆ.

ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಗೋಡೆಗಳನ್ನು ದೂಡುತ್ತದೆ. ಹಗಲು ಕರಗಿ ಇನ್ನಷ್ಟು ಒಳಗೆ ಇಳಿಯುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಆದ್ದರಿಂದಲೇ ಹೆಚ್ಚಿನ ಹಾನಿ ಕಡುಚಳಿಯ ಜನವರಿಯಲ್ಲಿ ಆಗುವುದಿಲ್ಲ, ಆಗ ಎಲ್ಲವೂ ಹೆಪ್ಪುಗಟ್ಟಿ ಸುಮ್ಮನಿರುತ್ತದೆ. ಹಾನಿಯಾಗುವುದು ಹಗಲು ಕರಗಿ ರಾತ್ರಿ ಗಟ್ಟಿಯಾಗುವ ನವೆಂಬರ್ ಮತ್ತು ಮಾರ್ಚ್ ತಿಂಗಳುಗಳಲ್ಲಿ.

ಮಾರ್ಚ್‌ಗೆ ಇನ್ನೊಂದು ಅಪಾಯವೂ ಇದೆ. ಈ ಸೀಮೆಯಲ್ಲಿ ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ಮಿನ್ನೆಸೋಟದ ಕಟ್ಟಡ ನಿಯಮವೇ ಸಾಕ್ಷಿ: ಮನೆಯ ಪಾಯ ದಕ್ಷಿಣ ಭಾಗದಲ್ಲಿ ಕನಿಷ್ಠ 42 ಇಂಚು, ಉತ್ತರದಲ್ಲಿ 60 ಇಂಚು ಆಳಕ್ಕೆ ಹೋಗಲೇಬೇಕು. ವಸಂತದಲ್ಲಿ ಈ ಹೆಪ್ಪು ಮೇಲಿನಿಂದ ಕೆಳಕ್ಕೆ ಕರಗುತ್ತದೆ. ಕೆಳಗಿನ ನೆಲ ಇನ್ನೂ ಕಲ್ಲಿನಂತಿರುವುದರಿಂದ ಕರಗಿದ ನೀರು ಇಂಗಲು ದಾರಿಯಿಲ್ಲದೆ ಜಲ್ಲಿಯ ತಳದಲ್ಲೇ ನಿಲ್ಲುತ್ತದೆ. ನೆನೆದ ತಳಕ್ಕೆ ಭಾರ ಹೊರುವ ಶಕ್ತಿ ಇರುವುದಿಲ್ಲ. ಆ ವಾರಗಳಲ್ಲಿ ಮಿನ್ನೆಸೋಟ ಸರ್ಕಾರ ರಸ್ತೆಗಳ ಮೇಲೆ ಲಾರಿಗಳ ಭಾರಕ್ಕೆ ಮಿತಿ ಹಾಕುವುದು ಈ ಕಾರಣಕ್ಕೇ. ಮನೆಯ ಡ್ರೈವ್‌ವೇಗೂ ಅದೇ ನ್ಯಾಯ. ಮನೆ ಬದಲಿಸುವ ದೊಡ್ಡ ಟ್ರಕ್ಕನ್ನಾಗಲಿ ಕಸದ ಡಂಪ್‌ಸ್ಟರನ್ನಾಗಲಿ ಮಾರ್ಚ್, ಏಪ್ರಿಲ್‌ನಲ್ಲಿ ಅದರ ಮೇಲೆ ನಿಲ್ಲಿಸಬೇಡಿ.

ಸೀಲ್ ಮಾಡಬೇಕೇ, ಬೇಡವೇ?

ಒಂದು ಲೋಟ ನೀರು ಸುರಿದು ನೋಡಿ. ನೀರು ಮಣಿಮಣಿಯಾಗಿ ನಿಂತರೆ ಹಳೆಯ ಲೇಪನ ಇನ್ನೂ ಕೆಲಸ ಮಾಡುತ್ತಿದೆ, ಈ ವರ್ಷ ಬೇಡ. ಹೀರಿಕೊಂಡು ಕಪ್ಪು ಕಲೆಯಾದರೆ ಸಮಯ ಬಂದಿದೆ. ಹೊಸದಾಗಿ ಹಾಕಿಸಿದ ಡ್ರೈವ್‌ವೇ ಆದರೆ ಕನಿಷ್ಠ ಆರು ತಿಂಗಳು, ಚಳಿ ಸೀಮೆಯಲ್ಲಿ ಒಂದು ಪೂರ್ತಿ ಚಳಿಗಾಲ ಕಳೆಯಲಿ. ಹೊಸ ಬಿಟುಮೆನ್ನಿನ ಹಗುರ ಎಣ್ಣೆಯಂಶ ಆರುವ ಮೊದಲೇ ಮುಚ್ಚಿಬಿಟ್ಟರೆ ಮೇಲ್ಮೈ ಮೆತ್ತಗೇ ಉಳಿಯುತ್ತದೆ. ಸುರಿದ ನೀರಿನ ಮೇಲೆ ಎಣ್ಣೆಯ ಬಣ್ಣದ ಉಂಗುರ ಕಂಡರೆ ಇನ್ನೂ ಕಾಯಿರಿ.

ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕು. ಪ್ರತಿವರ್ಷ ಬಳಿಯುವವರಿದ್ದಾರೆ, ಅದು ಹಣದ ದಂಡ ಮಾತ್ರವಲ್ಲ, ಕೆಡುಕೂ ಹೌದು. ಪದರದ ಮೇಲೆ ಪದರ ಕೂತು, ಚಳಿಗೆ ಸೀಲರ್ ತಾನೇ ಬಿರುಕು ಬಿಟ್ಟು ಹಪ್ಪಳದಂತೆ ಏಳುತ್ತದೆ. ಹಾಗೆ ಎದ್ದದ್ದನ್ನು ಕೆರೆದು ತೆಗೆಯದೆ ಮುಂದಿನ ಪದರ ನಿಲ್ಲುವುದಿಲ್ಲ.

ಮೊಸಳೆಯ ಚರ್ಮದಂತೆ ಸಣ್ಣ ಸಣ್ಣ ತುಂಡುಗಳಾಗಿ ಒಡೆದಿರುವ ಜಾಗಕ್ಕೆ ಸೀಲರ್ ಸುರಿದು ಉಪಯೋಗವಿಲ್ಲ. ಅಲ್ಲಿ ಸೋತಿರುವುದು ತಳ. ಚೌಕವಾಗಿ ಕತ್ತರಿಸಿ, ನೆನೆದ ಜಲ್ಲಿ ತೆಗೆದು, ಹೊಸ ಜಲ್ಲಿ ದಮ್ಮಸು ಮಾಡಿ, ಮೇಲೆ ಡಾಂಬರು ಹಾಕಿಸಬೇಕು. ಡ್ರೈವ್‌ವೇಯ ಕಾಲು ಭಾಗಕ್ಕಿಂತ ಹೆಚ್ಚು ಹೀಗಾಗಿದ್ದರೆ ಸೀಲಿಂಗಿನ ಹಣವನ್ನು ಹೊಸ ಡ್ರೈವ್‌ವೇಗೆ ಕೂಡಿಡುವುದು ಜಾಣತನ.

ಒಂದೇ ಹೆಸರು, ಎರಡು ವಸ್ತು

ಕನ್ನಡದಲ್ಲಿ ನಾವು ಎಲ್ಲವನ್ನೂ ಡಾಂಬರು ಎನ್ನುತ್ತೇವೆ, ಇಲ್ಲವೇ ಟಾರು. ಅಂಗಡಿಯಲ್ಲಿ ನಿಂತಾಗ ಬಿಟುಮೆನ್, ಕೋಲ್ ಟಾರ್ ಎರಡನ್ನು ಬೇರೆಬೇರೆಯಾಗಿ ನೋಡಲೇಬೇಕು. ಬಿಟುಮೆನ್ ಕಚ್ಚಾ ತೈಲವನ್ನು ಶುದ್ಧೀಕರಿಸಿದ ಮೇಲೆ ಉಳಿಯುವ ಗಸಿ. ಕೋಲ್ ಟಾರ್ ಎಂಬುದು ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಕೋಕ್ ಎಂಬ ಇಂಧನ ಮಾಡುವಾಗ ಬರುವ ವಸ್ತು. ಪೆಟ್ರೋಲು, ಎಣ್ಣೆ ಬಿದ್ದರೂ ಕರಗದ ಗುಣದಿಂದ ಅಮೆರಿಕದ ಪೂರ್ವ ಭಾಗದಲ್ಲಿ ಕೋಲ್ ಟಾರ್ ಸೀಲರ್ ಬಹಳ ಕಾಲ ಜನಪ್ರಿಯವಾಗಿತ್ತು.

ತೊಂದರೆಯಿರುವುದು ಅದರಲ್ಲಿರುವ ಪಿಎಎಚ್ ಎಂಬ ರಾಸಾಯನಿಕಗಳ ಗುಂಪಿನಲ್ಲಿ, ಇವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅಳತೆಯಂತೆ ಬಿಟುಮೆನ್ ಸೀಲರ್‌ಗಿಂತ ಕೋಲ್ ಟಾರ್ ಸೀಲರ್‌ನಲ್ಲಿ ಇವು ಸುಮಾರು ಸಾವಿರ ಪಟ್ಟು ಹೆಚ್ಚು. ಚಕ್ರಕ್ಕೆ, ಹಿಮ ತೆಗೆಯುವ ಸಲಿಕೆಗೆ ಸವೆದು ಧೂಳಾಗಿ, ಚಪ್ಪಲಿಗಂಟಿ ಮನೆಯೊಳಗೂ ಬರುತ್ತದೆ, ಮಳೆಯಲ್ಲಿ ಕೊಚ್ಚಿ ಕೆರೆಗೂ ಸೇರುತ್ತದೆ. ಟೆಕ್ಸಾಸ್‌ನ ಆಸ್ಟಿನ್ ನಗರ 2005ರಲ್ಲಿ ಮೊದಲು ಇದನ್ನು ನಿಷೇಧಿಸಿತು. ವಾಷಿಂಗ್ಟನ್ ರಾಜ್ಯ 2011ರಲ್ಲಿ ಹಿಂಬಾಲಿಸಿತು. ಮಿನ್ನೆಸೋಟದಲ್ಲಿ 2014ರ ಜನವರಿ 1ರಿಂದ ನಿಷೇಧವಿದೆ. ನಿಷೇಧವಿಲ್ಲದ ಕಡೆ ಇದ್ದೀರಾದರೆ ಸೀಲರ್‌ನಲ್ಲಿ ಏನೇನಿದೆ ಎಂದು ತಿಳಿಸುವ ಸುರಕ್ಷತಾ ಪತ್ರ ಕೇಳಿ ಓದಿ: 65996-93-2 ಎಂಬ ಸಂಖ್ಯೆ ಕೋಲ್ ಟಾರ್ ಪಿಚ್‌ನದು, 8052-42-4 ಬಿಟುಮೆನ್ನಿನದು. ಮಕ್ಕಳು ಸೀಮೆಸುಣ್ಣ ಹಿಡಿದು ಕೂತು ಆಡುವ ಜಾಗ ಇದು. ಕೋಲ್ ಟಾರ್ ಎಷ್ಟೇ ಬಾಳಿಕೆ ಬಂದರೂ ಕೊಳ್ಳಬೇಡಿ.

ಹಳೆಯ ಮನೆ ಕೊಂಡಿದ್ದರೆ, ಈಗಾಗಲೇ ಬಳಿದಿರುವುದು ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಚಾಕುವಿನಿಂದ ಸೀಲರ್‌ನ ಒಂದು ಚಿಕ್ಕ ಚೂರು ಎಬ್ಬಿಸಿ ಗಾಜಿನ ಶೀಶೆಯಲ್ಲಿ, ಬಣ್ಣ ತೆಳುಮಾಡಲು ಬಳಸುವ ಮಿನರಲ್ ಸ್ಪಿರಿಟ್ಸ್‌ನೊಂದಿಗೆ ಅರ್ಧ ಗಂಟೆ ಬಿಟ್ಟು ಅಲುಗಿಸಿ. ದ್ರವ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾದರೆ ಬಿಟುಮೆನ್. ಹಾಲಿಲ್ಲದ ತಿಳಿ ಚಹಾದಂತಾದರೆ ಕೋಲ್ ಟಾರ್. ಎರಡನೆಯದಾಗಿದ್ದರೆ ಆ ಡ್ರೈವ್‌ವೇಯನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ.

ಬಿರುಕು ಮುಚ್ಚುವುದೇ ಅಸಲು ಕೆಲಸ

ಬಿರುಕು ಇಡೀ ವರ್ಷ ಒಂದೇ ಅಗಲವಿರುವುದಿಲ್ಲ. ಜನವರಿಯಲ್ಲಿ ಅತಿ ಅಗಲ, ಜುಲೈನಲ್ಲಿ ಅತಿ ಕಿರಿದು. ಜುಲೈನಲ್ಲಿ ತುಂಬಿದ ಫಿಲ್ಲರ್, ಅಂದರೆ ಬಿರುಕು ಮುಚ್ಚುವ ವಸ್ತು, ಜನವರಿಯಲ್ಲಿ ಅಷ್ಟೂ ಎಳೆದುಕೊಳ್ಳಬೇಕಾಗುತ್ತದೆ. ಆಗದಿದ್ದರೆ ಒಂದು ಗೋಡೆಯಿಂದ ಬಿಟ್ಟುಕೊಂಡು, ಆ ಸಂದಿಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಬಿರುಕು ನಡುಮಟ್ಟದ ಅಗಲದಲ್ಲಿರುವ ಮೇ ತಿಂಗಳಲ್ಲಿ ಅದನ್ನು ತುಂಬಿ, ಸೀಲರ್ ಅನ್ನು ಜೂನ್ ಕೊನೆ ಅಥವಾ ಜುಲೈಗೆ ಇಟ್ಟುಕೊಳ್ಳುವುದು ಒಳ್ಳೆಯದು. ಫಿಲ್ಲರ್ ಪೂರ್ತಿ ಆರಲೂ ಸಮಯ ಸಿಗುತ್ತದೆ. ಎರಡನ್ನೂ ಒಂದೇ ದಿನ ಮುಗಿಸುವ ಆತುರ ಬಹಳ ಕೆಲಸ ಕೆಡಿಸಿದೆ.

ಹುಲ್ಲು, ಪಾಚಿ ಬೇರುಸಮೇತ ಕಿತ್ತು, ತಂತಿ ಬ್ರಶ್‌ನಿಂದ ಗೋಡೆಗಳನ್ನು ಉಜ್ಜಿ, ಎಲೆ ಊದುವ ಬ್ಲೋವರ್‌ನಿಂದ ಧೂಳು ಹಾರಿಸಿ. ಪ್ರೆಶರ್ ವಾಶರ್ ಬಳಸಿದರೆ ಕನಿಷ್ಠ ಒಂದು ದಿನ ಒಣಗಬೇಕು. ಧೂಳು ಉಳಿದಿದ್ದರೆ ಫಿಲ್ಲರ್ ಡಾಂಬರಿಗೆ ಬದಲು ಧೂಳಿಗೆ ಅಂಟುತ್ತದೆ, ಮೊದಲ ಹೆಪ್ಪಿಗೇ ಕಿತ್ತುಬರುತ್ತದೆ.

3 ಮಿಲಿಮೀಟರ್‌ಗಿಂತ ಕಿರಿದಾದ ಗೆರೆಗಳನ್ನು ಮರಳು ಬೆರೆತ ಸೀಲರ್ ತಾನೇ ತುಂಬುತ್ತದೆ. 3ರಿಂದ 12 ಮಿಲಿಮೀಟರ್‌ವರೆಗೆ ಎರಡು ದಾರಿ. ಬಾಟಲಿಯಿಂದ ಸುರಿಯುವ ತಣ್ಣನೆಯ ಫಿಲ್ಲರ್ ಸುಲಭ, ಆದರೆ ಅದರಲ್ಲಿನ ನೀರು ಆರಿದಾಗ ಕುಗ್ಗಿ ನಡುವೆ ತಗ್ಗಾಗುತ್ತದೆ. ಒಂದು ದಿನ ಬಿಟ್ಟು ಎರಡನೆಯ ಸಲ ತುಂಬಲೇಬೇಕು, ಒಂದೆರಡು ಚಳಿಗಾಲ ಬರುತ್ತದೆ. ಇನ್ನೊಂದು, ರಬ್ಬರ್ ಬೆರೆಸಿದ ಗಟ್ಟಿ ಬಿಟುಮೆನ್ನನ್ನು 190 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕರಗಿಸಿ ಸುರಿಯುವ ಬಿಸಿ ಫಿಲ್ಲರ್. ಚಳಿಯಲ್ಲೂ ಎಳೆದರೆ ಹಿಗ್ಗುವ ಗುಣ ಉಳಿಸಿಕೊಳ್ಳುವುದರಿಂದ ಹಿಮದ ಸೀಮೆಗೆ ಇದೇ ಸರಿಯಾದ ವಸ್ತು. ಕರಗಿಸುವ ಯಂತ್ರ ಬಾಡಿಗೆಗೆ ಸಿಗುತ್ತದೆ. ಚರ್ಮದ ಕೈಗವಸು, ಉದ್ದ ತೋಳಿನ ಅಂಗಿ, ಕಣ್ಣಿಗೆ ರಕ್ಷಣೆ ಇಲ್ಲದೆ ಮುಟ್ಟಬೇಡಿ. ಚರ್ಮಕ್ಕೆ ಅಂಟಿದರೆ ಆಳವಾಗಿ ಸುಡುತ್ತದೆ. ಬಿರುಕು ಹೆಚ್ಚಿದ್ದು ಕೈಯಲ್ಲಿ ಅನುಭವವಿಲ್ಲದಿದ್ದರೆ ಈ ಒಂದು ಭಾಗವನ್ನು ಕೆಲಸದವರಿಗೆ ಕೊಟ್ಟು, ಬಳಿಯುವುದನ್ನು ನೀವೇ ಮಾಡಿಕೊಳ್ಳಿ.

ಎಷ್ಟು ಬೇಕು? 6 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಆಳದ ಬಿರುಕಿಗೆ ಒಂದು ಗ್ಯಾಲನ್, ಅಂದರೆ 3.8 ಲೀಟರ್, ಲೆಕ್ಕದಂತೆ ಸುಮಾರು 170 ಅಡಿ ಬರುತ್ತದೆ. ತಣ್ಣನೆಯದಾದರೆ ಕುಗ್ಗುವಿಕೆ, ಪೋಲು ಸೇರಿಸಿ 100 ಅಡಿಗೆ ಒಂದು ಗ್ಯಾಲನ್ ಎಂದಿಟ್ಟುಕೊಳ್ಳಿ. ಫಿಲ್ಲರ್ ಮೇಲ್ಮೈಗೆ ಸಮನಾಗಿರಲಿ, ಉಬ್ಬಿ ನಿಲ್ಲಬಾರದು. ಉಬ್ಬಿದ್ದನ್ನು ಹಿಮ ತಳ್ಳುವ ಪ್ಲೋ ಕಿತ್ತೊಯ್ಯುತ್ತದೆ.

12 ಮಿಲಿಮೀಟರ್‌ಗಿಂತ ಅಗಲ ಮತ್ತು ಆಳವಿದ್ದರೆ ಮೊದಲು ಬಿರುಕಿಗಿಂತ ಕೊಂಚ ದಪ್ಪನೆಯ ಫೋಮ್ ಹಗ್ಗವನ್ನು ಒತ್ತಿ, ಮೇಲ್ಮೈಯಿಂದ ಅರ್ಧ ಇಂಚು ಕೆಳಗೆ ಕೂರಿಸಿ. ಅಂಗಡಿಯಲ್ಲಿ ಇದನ್ನು ಬ್ಯಾಕರ್ ರಾಡ್ ಎನ್ನುತ್ತಾರೆ. ಇದಿಲ್ಲದಿದ್ದರೆ ಫಿಲ್ಲರ್ ರಾತ್ರಿಯೆಲ್ಲ ತಳಕ್ಕಿಳಿದು ಬೆಳಿಗ್ಗೆ ಗುಂಡಿ ಕಾಣುತ್ತದೆ. ಬಿಸಿ ಫಿಲ್ಲರ್‌ಗೆ ಶಾಖ ತಡೆಯುವ ಜಾತಿಯ ಹಗ್ಗವೇ ಬೇಕು, ಸಾಮಾನ್ಯದ್ದು ಕರಗಿಹೋಗುತ್ತದೆ. ಒಂದು ಇಂಚಿಗೂ ಮೀರಿದ ಸಂದಿ ಮತ್ತು ಗುಂಡಿಗಳಿಗೆ ಕೋಲ್ಡ್ ಪ್ಯಾಚ್, ಅಂದರೆ ಕಾಯಿಸದೆಯೇ ಹಾಕುವ ಡಾಂಬರು ಮಿಶ್ರಣ, ಹಾಕಿ, ತೆಳು ಪದರಗಳಲ್ಲಿ ಗುದ್ದಿ ಕೂರಿಸಬೇಕು. ಅದರ ಮೇಲೆ ಸೀಲರ್ ಬಳಿಯಲು ಸಾಮಾನ್ಯವಾಗಿ 30 ದಿನ ಕಾಯಬೇಕು.

ಗ್ಯಾರೇಜಿನ ಕಾಂಕ್ರೀಟು ನೆಲವೂ ಡ್ರೈವ್‌ವೇಯ ಡಾಂಬರೂ ಸೇರುವ ಗೆರೆಯನ್ನು ಬಹಳ ಮಂದಿ ಮರೆಯುತ್ತಾರೆ. ಕಾರಿನಿಂದ ಉದುರಿದ ಹಿಮವೆಲ್ಲ ಕರಗಿ ಇಳಿಯುವುದು ಅಲ್ಲಿಗೇ. ಫೋಮ್ ಹಗ್ಗ ಕೂರಿಸಿ, ತಾನೇ ಸಮತಲವಾಗುವ ಪಾಲಿಯುರೆಥೇನ್ ಸೀಲಂಟ್ ತುಂಬಿ. ಮಾಡಿನ ನೀರಿನ ಪೈಪು ಡ್ರೈವ್‌ವೇ ಅಂಚಿಗೆ ಬೀಳುತ್ತಿದ್ದರೆ ಅದನ್ನೂ ಹುಲ್ಲಿನ ಕಡೆಗೆ ತಿರುಗಿಸಿ.

ಬಳಿಯುವ ದಿನ

ಅಂಗಡಿಯಲ್ಲಿ ಸಿಗುವ ಸೀಲರ್ ಹೆಚ್ಚಾಗಿ ನೀರಿನಲ್ಲಿ ಬೆರೆತ ಬಿಟುಮೆನ್. ನೀರು ಆವಿಯಾದ ಮೇಲೆಯೇ ಕಣಗಳು ಒಂದಕ್ಕೊಂದು ಕೂಡಿ ಪೊರೆಯಾಗುವುದು. ಹವೆಯ ನಿಯಮಗಳೆಲ್ಲ ಹುಟ್ಟುವುದು ಇದರಿಂದ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತಿರಬೇಕು, ಮುಂದಿನ 24 ಗಂಟೆ ಅದಕ್ಕಿಂತ ಇಳಿಯಬಾರದು, ಮಳೆ ಬರಬಾರದು. ಬೆಳಗಿನ ಇಬ್ಬನಿ ಆರಿದ ಮೇಲೆ ಒಂಬತ್ತು, ಹತ್ತಕ್ಕೆ ಶುರುಮಾಡಿ ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿಸಿದರೆ ಬಿಸಿಲಿನ ನಾಲ್ಕೈದು ಗಂಟೆ ಸಿಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಬೆಚ್ಚಗಿದ್ದರೂ ರಾತ್ರಿಯ ಚಳಿ ಮತ್ತು ಇಬ್ಬನಿ ಕೆಲಸ ಕೆಡಿಸುತ್ತವೆ. ಆಗಸ್ಟ್ ದಾಟಿದರೆ ಬಿರುಕು ಮಾತ್ರ ಮುಚ್ಚಿ, ಸೀಲರ್ ಅನ್ನು ಮುಂದಿನ ವರ್ಷಕ್ಕೆ ಬಿಡಿ.

20 ಅಡಿ ಅಗಲ, 40 ಅಡಿ ಉದ್ದದ ಎರಡು ಕಾರಿನ ಡ್ರೈವ್‌ವೇ 800 ಚದರ ಅಡಿ. ಐದು ಗ್ಯಾಲನ್ ಬಕೆಟ್ (19 ಲೀಟರ್) ಒರಟಾದ ಹಳೆಯ ಮೇಲ್ಮೈಯಲ್ಲಿ 250ರಿಂದ 300 ಚದರ ಅಡಿ, ನಯವಾದದ್ದರ ಮೇಲೆ 350ರಿಂದ 400 ಚದರ ಅಡಿ ಬರುತ್ತದೆ. ಮೊದಲ ಕೋಟ್‌ಗೆ ಮೂರು, ಎರಡನೆಯದಕ್ಕೆ ಎರಡು, ಒಟ್ಟು ಐದು ಬಕೆಟ್. ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ, ತೆರೆಯದಿದ್ದರೆ ಹಿಂದಿರುಗಿಸಬಹುದು. ಉಳಿದದ್ದನ್ನು ಬೆಚ್ಚಗಿರದ ಗ್ಯಾರೇಜಿನಲ್ಲಿ ಚಳಿಗಾಲಕ್ಕೆ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ ಸೀಲರ್ ಮೊಸರೊಡೆದಂತಾಗಿ ಮತ್ತೆ ಕೂಡುವುದಿಲ್ಲ.

ಎಣ್ಣೆ ಸೋರಿದ ಕಲೆಗಳನ್ನು ಡಿಗ್ರೀಸರ್ ಹಾಕಿ ಉಜ್ಜಿ ತೊಳೆದು, ಒಣಗಿದ ಮೇಲೆ ಎಣ್ಣೆ ಕಲೆಗೆಂದೇ ಮಾರುವ ಪ್ರೈಮರ್ ಹಚ್ಚಿ. ಇಲ್ಲದಿದ್ದರೆ ಸೀಲರ್ ಅಲ್ಲಿ ಹಿಡಿಯುವುದೇ ಇಲ್ಲ. ಗ್ಯಾರೇಜ್ ಬಾಗಿಲಿನ ಬುಡಕ್ಕೂ ಕಾಂಕ್ರೀಟು ಕಾಲುದಾರಿಗೂ ಟೇಪ್ ಅಂಟಿಸಿ, ಸಿಡಿದ ಹನಿ ಕಾಂಕ್ರೀಟಿನಿಂದ ಹೋಗುವುದಿಲ್ಲ.

ಬಕೆಟ್‌ಗಳನ್ನು ಹಿಂದಿನ ದಿನವೇ ತಲೆಕೆಳಗಾಗಿ ಇಟ್ಟರೆ ತಳದಲ್ಲಿ ಕೂತ ಮರಳು ಸಡಿಲವಾಗುತ್ತದೆ. ತೆರೆದ ಮೇಲೆ ಡ್ರಿಲ್ಲಿಗೆ ಕಲಕುವ ಕಡ್ಡಿ ಸಿಕ್ಕಿಸಿ, ತಳ ಮುಟ್ಟುವಂತೆ ಚೆನ್ನಾಗಿ ಕಲಕಿ. ಆ ಮರಳು ಸೇರದೆ ಬಳಿದರೆ ಇಳಿಜಾರಿನ ಡ್ರೈವ್‌ವೇ ಒದ್ದೆಯಾದಾಗ ಕಾಲು ಜಾರುತ್ತದೆ. ನೀರು ಬೆರೆಸಬೇಡಿ.

ಮೊದಲು ಅಂಚುಗಳನ್ನು ಬ್ರಶ್‌ನಿಂದ ಮುಗಿಸಿ, ಗ್ಯಾರೇಜಿನ ಬದಿಯಿಂದ ರಸ್ತೆಯ ಕಡೆ ಬನ್ನಿ. ಅಡ್ಡಲಾಗಿ ಒಂದು ಪಟ್ಟಿಯಷ್ಟು ಸುರಿದು, ಉದ್ದ ಹಿಡಿಗೆ ರಬ್ಬರ್ ಪಟ್ಟಿಯಿರುವ ಸ್ಕ್ವೀಜಿಯಿಂದ ನಿಮ್ಮ ಕಡೆ ಎಳೆಯಿರಿ. ಹಿಂದಿನ ಎಳೆತದ ಅಂಚು ಒದ್ದೆಯಿರುವಾಗಲೇ ಮುಂದಿನದು ಅದರ ಮೇಲೆ ಹಾಯಬೇಕು, ಇಲ್ಲದಿದ್ದರೆ ಗೆರೆ ಉಳಿಯುತ್ತದೆ. 30 ಡಿಗ್ರಿ ದಾಟಿದ ದಿನ ಮೇಲ್ಮೈಗೆ ನೀರು ಚಿಮುಕಿಸಿ ತೇವ ಮಾಡಿಕೊಳ್ಳಬಹುದು, ನೀರು ನಿಲ್ಲಬಾರದು.

ದಪ್ಪಗೆ ಬಳಿದರೆ ಬಾಳಿಕೆ ಹೆಚ್ಚು ಎಂಬ ನಂಬಿಕೆ ತಪ್ಪು. ದಪ್ಪ ಪದರದ ಮೇಲ್ಭಾಗ ಮೊದಲು ಒಣಗಿ, ಹಾಲಿನ ಕೆನೆಯಂತೆ ಪೊರೆ ಕಟ್ಟುತ್ತದೆ. ಒಳಗಿನ ನೀರು ಸಿಕ್ಕಿಬಿದ್ದು ವಾರಗಟ್ಟಲೆ ಮೆತ್ತಗಿರುತ್ತದೆ, ಟೈರಿಗೆ ಅಂಟಿ ಎದ್ದುಬರುತ್ತದೆ. ಎರಡು ತೆಳು ಕೋಟ್ ಹಾಕಿ. ಮೊದಲನೆಯದು ಕಂದುಬಣ್ಣ ಬಿಟ್ಟು ಪೂರ್ತಿ ಕಪ್ಪಾಗಿ, ಬೆರಳಿಗೆ ಅಂಟದಂತಾದ ಮೇಲೆ, ಸಾಧ್ಯವಾದರೆ ಮರುದಿನ, ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಎಳೆಯಿರಿ.

ಡೆಲಿವರಿ ವ್ಯಾನು ನುಗ್ಗದಂತೆ ಖಾಲಿ ಬಕೆಟ್ ಮತ್ತು ಹಗ್ಗದಿಂದ ದಾರಿ ಕಟ್ಟಿ. ಕಾರಿಗೆ 48 ಗಂಟೆ, ಮರದ ನೆರಳಿದ್ದರೆ 72 ಗಂಟೆ ಬಿಡಿ. ಮೊದಲ ಕೆಲವು ವಾರ ಕಾರು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಬೇಡಿ, ಟೈರು ತಿರುಚಿ ಲೇಪನ ಹರಿಯುತ್ತದೆ. ಬ್ರಶ್ ತೊಳೆದ ನೀರನ್ನು ರಸ್ತೆಯ ಮಳೆ ಚರಂಡಿಗೆ ಬಿಡಬೇಡಿ, ಅದು ಶುದ್ಧೀಕರಣವಿಲ್ಲದೆ ಕೆರೆಗೇ ಹೋಗುತ್ತದೆ.

ಕೆಲಸದವರನ್ನು ಕರೆಯುವುದಾದರೆ ಬರಹದಲ್ಲಿ ಕೇಳಬೇಕಾದದ್ದು ಸೀಲರ್ ಯಾವುದು, ಎಷ್ಟು ನೀರು ಬೆರೆಸುತ್ತೀರಿ, ಗ್ಯಾಲನ್ನಿಗೆ ಎಷ್ಟು ಮರಳು, ಬಿರುಕಿಗೆ ಬಿಸಿ ಫಿಲ್ಲರೋ ತಣ್ಣನೆಯದೋ, ಎಷ್ಟು ಕೋಟ್. ಪಕ್ಕದ ಬೀದಿಯ ಕೆಲಸದಲ್ಲಿ ಮಾಲು ಉಳಿದಿದೆ, ಅರ್ಧ ದರಕ್ಕೆ ಮಾಡಿಕೊಡುತ್ತೇವೆ ಎಂದು ಬಾಗಿಲು ತಟ್ಟುವವರಿಗೆ ಬೇಡ ಎನ್ನಿ. ನೀರು ಬೆರೆಸಿದ ಮಾಲನ್ನು ಸಿಂಪಡಿಸಿ ನಗದು ಪಡೆದು ಹೋಗುವ ಈ ಮೋಸ ಅಲ್ಲಿ ಹಳೆಯದು.

ಡ್ರೈವ್‌ವೇ ಕಾಂಕ್ರೀಟಿನದಾಗಿದ್ದರೆ ಈ ಯಾವ ಕಪ್ಪು ಸೀಲರ್ ಕೂಡ ಅದಕ್ಕಲ್ಲ. ಅದಕ್ಕೆ ಬೇಕಾದದ್ದು ಒಳಗೆ ಇಳಿದು ನೀರನ್ನು ತಡೆದು ಆವಿಯನ್ನು ಹೊರಬಿಡುವ ಸೈಲೇನ್ ಅಥವಾ ಸೈಲಾಕ್ಸೇನ್ ಸೀಲರ್. ಹೊಸ ಕಾಂಕ್ರೀಟಿಗೆ 28 ದಿನ ಕಳೆದ ಮೇಲೆ ಹಾಕುತ್ತಾರೆ.

ಚಳಿಗಾಲ ಬಂದ ಮೇಲೆ

ಹಿಮ ತೆಗೆಯಲು ಪ್ಲಾಸ್ಟಿಕ್ ಅಂಚಿನ ಸಲಿಕೆ ಬಳಸಿ. ಪ್ಲೋ ತರುವವರಿಗೆ ಅಲಗನ್ನು ನೆಲಕ್ಕೆ ತಾಗಿಸದಂತೆ ಮೊದಲೇ ಹೇಳಿ, ಸ್ನೋ ಬ್ಲೋವರ್‌ನ ಕೆಳಗಿನ ಪಾದಗಳನ್ನೂ ಸ್ವಲ್ಪ ಎತ್ತರಿಸಿ. ಉಪ್ಪು ಬಿಟುಮೆನ್ನನ್ನು ತಿನ್ನುವುದಿಲ್ಲ, ಆದರೆ ಕರಗಿಸಿದ ನೀರನ್ನು ಬಿರುಕಿಗೆ ಇಳಿಸಿ ಹೆಪ್ಪು ಮತ್ತು ಕರಗುವಿಕೆಯ ಸುತ್ತುಗಳನ್ನು ಹೆಚ್ಚಿಸುತ್ತದೆ. ಸಾಮಾನ್ಯ ಉಪ್ಪು ಸೊನ್ನೆಗಿಂತ 9 ಡಿಗ್ರಿ ಕೆಳಗಿಳಿದ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಂಥ ದಿನ ಮುಷ್ಟಿಗಟ್ಟಲೆ ಎರಚುವ ಬದಲು ಮರಳು ಹಾಕಿ.

ಏಪ್ರಿಲ್‌ನಲ್ಲಿ ಮೊದಲ ಒಳ್ಳೆಯ ಮಳೆ ನಿಂತ ಒಂದು ಗಂಟೆಗೆ ಡ್ರೈವ್‌ವೇ ಮೇಲೆ ಒಮ್ಮೆ ನಡೆದು ನೋಡಿ. ಉಳಿದದ್ದೆಲ್ಲ ಒಣಗಿದ್ದರೂ ಬಿರುಕುಗಳು ಒದ್ದೆ ಗೆರೆಗಳಾಗಿ ಎದ್ದು ಕಾಣುತ್ತವೆ, ಬೇಸಿಗೆಯಲ್ಲಿ ಕಣ್ತಪ್ಪಿಸುವ ಕೂದಲೆಳೆಗಳೂ ಸೇರಿ. ಸೀಮೆಸುಣ್ಣದಿಂದ ಗುರುತು ಹಾಕಿ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಮೇ ತಿಂಗಳಲ್ಲಿ ಎಷ್ಟು ಗ್ಯಾಲನ್ ಫಿಲ್ಲರ್ ತರಬೇಕೆಂದು ಅಳೆಯಲು ಅದೇ ಸಾಕು.